ಒಂದೇ ತರಗತಿಯಲ್ಲಿ ಹಲವು ಮಟ್ಟದ ಮಕ್ಕಳು: ಟ್ಯಾಬ್‌ನಿಂದ ಎಷ್ಟು ಸಾಧ್ಯ?

ಪ್ರಶ್ನೆ (ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು): ನಮಸ್ಕಾರ ಸರ್. ನಾನು ಆರನೇ ತರಗತಿಗೆ ಗಣಿತ ಮತ್ತು ಕನ್ನಡ ಕಲಿಸುತ್ತೇನೆ. ಹೆಚ್ಚಿನ ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ಕೆಲವರ ಮನೆಮಾತು ಎರವ. ಸರಾಗವಾಗಿ ಓದುವವರೂ ಇದ್ದಾರೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುವವರೂ ಇದ್ದಾರೆ. ಒಬ್ಬ ಹುಡುಗನಿಗೆ ದೃಷ್ಟಿ ಬಹಳ ಮಂದ. ದಾನಿಗಳೊಬ್ಬರು ಕೆಲವು ಟ್ಯಾಬ್ ಕೊಡಿಸಲು ಮುಂದೆ ಬಂದಿದ್ದಾರೆ. ಆದರೆ ಮಳೆಗಾಲದಲ್ಲಿ ನಮ್ಮ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚುವಂತಿಲ್ಲ. ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠ ಕೊಡಲು ಇವುಗಳಿಂದ ಸಾಧ್ಯವೇ?

ಉತ್ತರ (ಶೈಕ್ಷಣಿಕ ತಂತ್ರಜ್ಞಾನ ಸಲಹೆಗಾರ): ಸಾಧ್ಯ ಮೇಡಂ. ಆದರೆ ಯಾವ ಮಗು ಎಲ್ಲಿ ನಿಂತಿದೆ ಎಂಬುದನ್ನು ಟ್ಯಾಬ್ ಬರುವ ಮೊದಲೇ ನೀವು ಕಂಡುಕೊಳ್ಳಬೇಕು. 42ರಲ್ಲಿ 17 ಕಳೆಯಲು ಹೇಳಿದಾಗ ಒಂದು ಮಗು 35 ಎಂದು ಬರೆದರೆ, ಅದು ಬಿಡಿ ಸ್ಥಾನದಲ್ಲಿ 7ರಿಂದಲೇ 2ನ್ನು ಕಳೆದಿದೆ ಎಂದರ್ಥ. ಆ ಮಗುವಿಗೆ ಆರನೇ ತರಗತಿಯ ಭಿನ್ನರಾಶಿಯ ವಿಡಿಯೊವನ್ನು ಎಷ್ಟು ಸಲ ತೋರಿಸಿದರೂ ಉಪಯೋಗವಿಲ್ಲ. ಅದಕ್ಕೆ ಬೇಕಾದದ್ದು ಸ್ಥಾನಬೆಲೆಯ ಅಭ್ಯಾಸ. ನಲಿಕಲಿಯಲ್ಲಿ ಚಿಕ್ಕ ಮಕ್ಕಳು ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದೆ ಹೋಗುವುದನ್ನು ನೀವು ಬಲ್ಲಿರಿ. ಒಳ್ಳೆಯ ತಂತ್ರಾಂಶ ಮಾಡುವುದೂ ಅದನ್ನೇ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಶಾಲೆ ಬಿಟ್ಟ ನಂತರದ ಕೇಂದ್ರಗಳಲ್ಲಿ ಬಳಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ಸ್ಪಷ್ಟ ಪ್ರಗತಿ ಕಂಡುಬಂದಿತು. ಅಲ್ಲಿಯೂ ಮಕ್ಕಳು ಅರ್ಧ ಹೊತ್ತು ಮಾತ್ರ ಕಂಪ್ಯೂಟರಿನ ಮುಂದಿದ್ದರು, ಉಳಿದರ್ಧ ಸಣ್ಣ ಗುಂಪಿನಲ್ಲಿ ಬೋಧಕರೊಡನೆ ಇದ್ದರು ಎಂಬುದನ್ನು ದಾನಿಗಳಿಗೆ ದಯವಿಟ್ಟು ತಿಳಿಸಿ.

ಮಳೆಗಾಲದ ಸಿದ್ಧತೆ ಮೇ ತಿಂಗಳಲ್ಲೇ ಮುಗಿಯಬೇಕು. 2017ರಲ್ಲಿ ಆರಂಭವಾದ, ಶಾಲಾ ಪಾಠಗಳ ಸರ್ಕಾರಿ ದೀಕ್ಷಾ ಆ್ಯಪ್‌ನ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಓದಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಎಂಬ ಕಥೆಗಳ ಜಾಲತಾಣ ಇದೆ. ಅದರ ಕನ್ನಡ ಕಥೆಗಳು ಓದಿನ ಹಂತಕ್ಕೆ ಅನುಗುಣವಾಗಿ ವಿಂಗಡವಾಗಿವೆ ಮತ್ತು ಉಚಿತವಾಗಿ ಮುದ್ರಿಸಿಕೊಳ್ಳಲು ಸಿಗುತ್ತವೆ. ಚಾರ್ಜ್ ಮುಗಿದ ದಿನ ಕಾಗದದ ಪ್ರತಿಯೇ ಪಾಠ ನಡೆಸುತ್ತದೆ. ಎರವ ಮಕ್ಕಳ ಮನೆಯ ಹಿರಿಯರು ಒಪ್ಪಿದರೆ, ಅದೇ ಕಥೆಯನ್ನು ಅವರ ಮಾತಿನಲ್ಲಿ ಹೇಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕಥೆ ಗೊತ್ತಿರುವ ಮಗು ಕನ್ನಡದ ಸಾಲನ್ನು ಅಂಜದೆ ಓದಲು ತೊಡಗುತ್ತದೆ. ನನ್ನ ಮಟ್ಟಿಗೆ, ನೀವು ಕೊಳ್ಳುವ ಯಾವ ಆ್ಯಪ್‌ಗಿಂತಲೂ ಇದು ಹೆಚ್ಚು ಬೆಲೆಯುಳ್ಳದ್ದು.

ಮರುಪ್ರಶ್ನೆ (ಪೋಷಕರು, ಸೋಮವಾರಪೇಟೆ): ಸರ್, ನನ್ನ ಮಗಳಿಗೂ ದೃಷ್ಟಿ ಕಡಿಮೆ. ಮೊಬೈಲಿನಲ್ಲಿ ಪರದೆಯ ಬರಹವನ್ನು ಓದಿಹೇಳುವ ಟಾಕ್‌ಬ್ಯಾಕ್ ಹಾಕಿದ್ದೇವೆ. ಸುದ್ದಿಯನ್ನು ಚೆನ್ನಾಗಿ ಓದುತ್ತದೆ, ಆದರೆ ಶಾಲೆಯ ನೋಟ್ಸ್ ತೆರೆದರೆ ಒಮ್ಮೆ ಸುಮ್ಮನಾಗುತ್ತದೆ, ಒಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತದೆ. ಫೋನ್ ಬದಲಿಸಬೇಕೇ?

ಉತ್ತರ: ಬೇಡ, ದೋಷವಿರುವುದು ಕಡತದಲ್ಲಿ. ಸುಮ್ಮನಾಗುವ ನೋಟ್ಸ್ ಬಹುಶಃ ಸ್ಕ್ಯಾನ್ ಮಾಡಿದ ಪುಟ. ಅದು ಫೋನಿಗೆ ಬರೀ ಚಿತ್ರ. ಇಂಗ್ಲಿಷ್ ಅಕ್ಷರಗಳಾಗಿ ಕೇಳಿಸುವ ನೋಟ್ಸ್ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ಅಂಥ ಫಾಂಟು ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುವುದರಿಂದ ಕಣ್ಣಿಗೆ ಕನ್ನಡ ಕಂಡರೂ ಯಂತ್ರಕ್ಕೆ ಇಂಗ್ಲಿಷೇ ಸಿಗುತ್ತದೆ. ಶಿಕ್ಷಕರನ್ನು ಭೇಟಿಯಾಗಿ ನೋಟ್ಸನ್ನೂ ಪ್ರಶ್ನೆಪತ್ರಿಕೆಯನ್ನೂ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲೇ ಕೊಡುವಂತೆ ಕೇಳಿ. ಹಳೆಯ ಕಡತಗಳನ್ನು ಬದಲಿಸುವ ಉಚಿತ ಪರಿವರ್ತಕಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಂದದೃಷ್ಟಿಯನ್ನೂ ಒಳಗೊಂಡಿದೆ, ಆದ್ದರಿಂದ ಸಂಕೋಚ ಬೇಡ. ಶಾಲೆಯ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ಪರದೆವಾಚಕವನ್ನು ಹಾಕಿಸಬಹುದು, ಅದು ಕನ್ನಡವನ್ನೂ ಓದುತ್ತದೆ. ಫೋನಿನಲ್ಲಿ ಕನ್ನಡದ ಧ್ವನಿಯನ್ನು ನೆಟ್‌ವರ್ಕ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಓದುವ ವೇಗವನ್ನು ಎಷ್ಟಿಡಬೇಕೆಂಬುದನ್ನು ಮಗಳೇ ನಿರ್ಧರಿಸಲಿ.