ಕೆಂಪು ನೆಲದ ಮನೆಯ ಬಾಗಿಲಿಗೆ ಯಾವ ಬಣ್ಣ?

ಪ್ರಶ್ನೆ: ಸಾಗರದ ಹತ್ತಿರದ ಹಳೇ ಹೆಂಚಿನ ಮನೆ ನಮ್ಮದು. ನೆಲ ರೆಡ್ ಆಕ್ಸೈಡ್. ಬಾಗಿಲ ಚೌಕಟ್ಟು ಹೊನ್ನೆ, ಹಲಗೆ ಹಲಸು. ಅದರ ಮೇಲೆ ಕಾಫಿ ಬ್ರೌನ್ ಎನಾಮಲ್ ಐದಾರು ಪದರ ಕೂತಿದೆ. ಗೋಡೆಗೆ ಹಾಲುಬಿಳಿ ಅಂತ ತೀರ್ಮಾನ ಆಗಿದೆ. ಮಗಳು ಬಾಗಿಲು, ಕಿಟಕಿ ಎಲ್ಲ ಅಪ್ಪಟ ಬಿಳಿ ಮಾಡಿ ಅಂತಾಳೆ, ನಮ್ಮವರು ಬ್ರೌನೇ ಇರಲಿ ಅಂತಾರೆ. ಒಳಗೆ ಮೊದಲೇ ಕತ್ತಲೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ! ಇಪ್ಪತ್ತೆರಡು ವರ್ಷದಿಂದ ಪೇಂಟಿಂಗ್ ಕಂಟ್ರಾಕ್ಟ್ ಮಾಡ್ತಿದ್ದೇನೆ. ಬಾಗಿಲಿನ ಬಣ್ಣವನ್ನು ಗೋಡೆ ನೋಡಿ ಆರಿಸೋರೇ ಜಾಸ್ತಿ. ಗೋಡೆ ಐದು ವರ್ಷಕ್ಕೊಮ್ಮೆ ಬದಲಾಗುತ್ತೆ, ನೆಲ ಬದಲಾಗಲ್ಲ. ನೆಲ ನೋಡಿ ಆರಿಸಿ.

ಕೆಂಪು ನೆಲದ ಮೇಲೆ ಬೆಳಕು ಬಿದ್ದರೆ ಬಾಗಿಲಿನ ಕೆಳಗಿನ ಅರ್ಧಕ್ಕೆ ಗುಲಾಬಿ ಛಾಯೆ ಹೊಡೆಯುತ್ತೆ. ಅಪ್ಪಟ ಬಿಳಿ ಅಲ್ಲಿ ಮಾಸಿದ ಹಾಗೆ ಕಾಣುತ್ತೆ, ಚಿಲಕದ ಸುತ್ತ ಕೈಗುರುತು ಬೇರೆ. ಕೆಂಪಿನ ಪಕ್ಕ ತಣ್ಣಗೆ ಕೂರೋದು ಬೂದು ಬೆರೆತ ಹಸಿರು. ಬಾಳೆ ಎಲೆ ಮಗುಚಿದರೆ ಹಿಂಬದಿ ಕಾಣುತ್ತಲ್ಲ, ಆ ಬಣ್ಣ. ಬಾಗಿಲಿಗೂ ಚೌಕಟ್ಟಿಗೂ ಅದೊಂದೇ ಇರಲಿ. ಹಾಲ್‌ಗೆ ನಾಲ್ಕು ಬಾಗಿಲು ತೆರೆಯುವ ಮನೆಯಲ್ಲಿ ಚೌಕಟ್ಟಿಗೊಂದು, ಹಲಗೆಗೊಂದು ಬಣ್ಣ ಬಳಿದರೆ ಸಂತೆ ಆಗುತ್ತೆ.

ಕಿಟಕಿಗೆ ಮಾತ್ರ ಮಗಳ ಮಾತು ಅರ್ಧ ಸರಿ. ಹೊರಗಿನ ಬೆಳಕಿಗೆ ಎದುರಾಗಿ ನಿಲ್ಲೋ ಚೌಕಟ್ಟು ಬ್ರೌನ್ ಇದ್ದರೆ ಇನ್ನೂ ಕಪ್ಪಾಗಿ ಕಾಣುತ್ತೆ, ಕಣ್ಣು ಕುಕ್ಕುತ್ತೆ. ಅಲ್ಲಿ ಗೋಡೆಯ ಹಾಲುಬಿಳಿಯನ್ನೇ ಎನಾಮಲ್‌ನಲ್ಲಿ ಕಲಸಿಸಿ.

ಪ್ರಶ್ನೆ: ಶೇಡ್ ಕಾರ್ಡ್‌ನಲ್ಲಿ ಆ ಹಸಿರೇ ಎಂಟು ಥರ ಇದೆಯಲ್ಲ!

ಉತ್ತರ: ಕಾರ್ಡ್ ಅಂಗಡಿಯಲ್ಲೇ ಬಿಡಿ. ಎರಡು ಅಡಿ ಪ್ಲೈ ತುಂಡಿಗೆ ಎರಡು ಕೋಟ್ ಹೊಡೆದು ನೆಲದ ಮೇಲೆ ನಿಲ್ಲಿಸಿ, ಗೋಡೆಗೆ ಒರಗಿಸಿ. ಬೆಳಿಗ್ಗೆ ನೋಡಿ, ರಾತ್ರಿ ಟ್ಯೂಬ್‌ಲೈಟ್ ಹಾಕಿ ನೋಡಿ. ಬಿಳಿ ಟ್ಯೂಬ್‌ನ ಕೆಳಗೆ ಹಸಿರು ನೀಲಿಗೆ ಜಾರುತ್ತೆ, ಹಳದಿ ಬಲ್ಬ್‌ನಲ್ಲಿ ಬೆಚ್ಚಗಾಗುತ್ತೆ. ಫಿನಿಶ್ ಸ್ಯಾಟಿನ್, ಅಂದರೆ ಮಂದ ಹೊಳಪಿನದ್ದು, ಸಾಕು. ಹಳೇ ಮರದ ಗುಂಡಿ, ಉಳಿ ಗುರುತು ಎಲ್ಲವನ್ನೂ ಗ್ಲಾಸಿ ತೋರಿಸಿಕೊಡುತ್ತೆ.

ಪ್ರಶ್ನೆ (ಬೆಂಗಳೂರಿನಿಂದ): ಅಪಾರ್ಟ್‌ಮೆಂಟಿನ ಫ್ಲಶ್ ಡೋರ್, ಅದೇ ಸಪಾಟು ಬಾಗಿಲು. ಹಾಲ್ ಕಡೆ ಕ್ರೀಮ್, ಬೆಡ್‌ರೂಮ್ ಕಡೆ ನೀಲಿ. ಅಂಚಿಗೆ ಯಾವುದು?

ಉತ್ತರ: ಬಾಗಿಲು ಯಾವ ಕೋಣೆಯೊಳಗೆ ತೆರೆಯುತ್ತೋ, ಬೀಗದ ಅಂಚಿಗೆ ಆ ಕೋಣೆಯ ಬಣ್ಣ. ಕೀಲಿನ (ಹಿಂಜ್) ಅಂಚಿಗೆ ಇನ್ನೊಂದು ಕಡೆಯದ್ದು. ಬಾಗಿಲು ತೆರೆದಿಟ್ಟಾಗ ಪಟ್ಟಿ ಎದ್ದು ಕಾಣಬಾರದು, ಲೆಕ್ಕ ಅಷ್ಟೇ.

ಮೊದಲು ಕೇಳಿದವರು: ಹಳೇ ಬ್ರೌನ್ ಪೂರ್ತಿ ಕೆರೆಯಬೇಕಾ?

ಉತ್ತರ: ಗಟ್ಟಿಯಾಗಿ ಹಿಡಿದಿದ್ದರೆ ಬೇಡ, ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಆದರೆ ಒಣ ಸ್ಯಾಂಡ್‌ಪೇಪರ್ ಹಾಕಿ ಧೂಳೆಬ್ಬಿಸಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಆ ಐದಾರು ಪದರದಲ್ಲಿ ಹೆಚ್ಚಿನವು ಅದಕ್ಕಿಂತ ಹಿಂದಿನವೇ ಇರಬೇಕು, ಧೂಳಿನಲ್ಲಿ ಸೀಸ ಇರಬಹುದು. ವಾಟರ್ ಪೇಪರ್, ಅಂದರೆ ನೀರಲ್ಲಿ ಬಳಸೋ ಸ್ಯಾಂಡ್‌ಪೇಪರ್, ನೆನೆಸಿ ಉಜ್ಜಿಸಿ, ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಕೆರೆದಲ್ಲಿ ಬರೀ ಹೊನ್ನೆ ಕಂಡರೆ ಹುಷಾರು. ಹೊನ್ನೆ ಚಕ್ಕೆ ನೀರಿಗೆ ಹಾಕಿದರೆ ನೀರು ಬಣ್ಣ ತಿರುಗೋದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕೆಲಸ ಕಲಿತ ಹೊಸದರಲ್ಲಿ ನಾನು ಹೊನ್ನೆ ಚೌಕಟ್ಟಿನ ಮೇಲೆ ನೇರ ವಾಟರ್‌ಬೇಸ್ (ನೀರಲ್ಲಿ ಕಲಸೋ) ಬಿಳಿ ಹೊಡೆದಿದ್ದೆ. ಮೂರನೇ ದಿನ ಟೀ ಚೆಲ್ಲಿದ ಹಾಗೆ ಕಲೆ ಮೇಲೆದ್ದಿತ್ತು. ಇನ್ನೊಂದು ಕೋಟ್ ಹೊಡೆದೆ, ಕಲೆ ಅದನ್ನೂ ದಾಟಿ ಮೇಲೆ ಬಂತು. ಸಂಬಳ ಕೈಬಿಟ್ಟು ಮತ್ತೆ ಕೆರೆದೆ. ಪಾಲಿಶ್‌ನವರು ಬಳಸೋ ಶೆಲ್ಯಾಕ್, ಅಂದರೆ ಅರಗು, ಮೊದಲು ಒಂದು ಕೋಟ್ ಕೊಟ್ಟರೆ ಆ ಬಣ್ಣ ಒಳಗೇ ನಿಲ್ಲುತ್ತೆ. ಮೇಣ ತೆಗೆದದ್ದನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಮೇಲಿನ ಪೇಂಟ್ ಹಿಡಿಯಲ್ಲ.

ಕಿಟಕಿಯ ಹಾಲುಬಿಳಿಗೆ ಆಯಿಲ್ ಎನಾಮಲ್ ಬೇಡ, ಬೆಳಕು ಕಾಣದ ಮೂಲೆಯಲ್ಲಿ ಹಳದಿ ತಿರುಗುತ್ತೆ. ವಾಟರ್‌ಬೇಸ್ ಎನಾಮಲ್ ಹಾಗಾಗಲ್ಲ.

ಪ್ರಶ್ನೆ: ಆಷಾಢದಲ್ಲಿ ಕೂಲಿಯವರು ಸುಲಭಕ್ಕೆ ಸಿಗ್ತಾರೆ. ಆಗಲೇ ಮಾಡಿಸಲಾ?

ಉತ್ತರ: ಸಿಗ್ತಾರೆ, ಮಾಡಿಸಬೇಡಿ. ಮರ ನೀರು ಕುಡಿದು ಉಬ್ಬಿರುತ್ತೆ. ದೀಪಾವಳಿ ಕಳೆಯಲಿ. ಅಷ್ಟರಲ್ಲಿ ಒಂದು ಕೆಲಸ: ಮುಖ ನೋಡೋ ಕನ್ನಡಿಯನ್ನು ಬಾಗಿಲ ಅಡಿಗೆ ತೂರಿಸಿ ತಳದ ಅಂಚು ನೋಡಿ. ಕಾಣಲ್ಲ ಅಂತ ಪೇಂಟರ್‌ಗಳು ಬಿಟ್ಟುಬಿಡೋ ಜಾಗ ಅದು, ಮಳೆಗಾಲದಲ್ಲಿ ನೀರೆಳೆಯೋದೂ ಅಲ್ಲಿಂದಲೇ.

ಮೊದಲು ಕೇಳಿದವರು: ನೋಡಿದೆ. ಐದು ಬಾಗಿಲು, ಐದರ ತಳಕ್ಕೂ ಒಂದು ಹನಿ ಬಣ್ಣ ಮುಟ್ಟಿಲ್ಲ. ಪ್ಲೈ ತುಂಡು ತರಲು ನಮ್ಮವರು ಹೋಗಿದ್ದಾರೆ.