ಚೋಳರ ಕಾಲದ ಮಡಕೆ ಚುನಾವಣೆ ನಿಜಾನಾ? ಕೊಡಗಲ್ಲೂ ಇತ್ತಾ?

ಕಾಫಿಹೂ:
ನಮ್ಮೂರು ಸೋಮವಾರಪೇಟೆ ಕಡೆ. ಮೊನ್ನೆ ಗ್ರಾಮಸಭೆಯಲ್ಲಿ ಒಬ್ಬರು, ಸಾವಿರ ವರ್ಷದ ಹಿಂದೆಯೇ ಚೋಳರ ಹಳ್ಳಿಗಳಲ್ಲಿ ಎಲ್ಲರೂ ಗುಟ್ಟಾಗಿ ಮತ ಹಾಕುತ್ತಿದ್ದರು ಅಂತ ಭಾಷಣ ಬಿಗಿದರು. ಚಪ್ಪಾಳೆಯೂ ಬಿತ್ತು. ನನಗೆ ಯಾಕೋ ಅನುಮಾನ. ಇದು ನಿಜಾನಾ? ಚೋಳರು ನಮ್ಮ ಕಡೆಗೂ ಬಂದಿದ್ದರಲ್ವಾ, ಇಲ್ಲೂ ಅಂಥ ಸಭೆ ನಡೀತಿತ್ತಾ?

ಕಲ್ಲುಬರಹ:
ಅರ್ಧ ನಿಜ. ಅವರು ಹೇಳಿದ್ದು ಕಾಂಚೀಪುರದ ಹತ್ತಿರದ ಉತ್ತರಮೇರೂರಿನ ಶಾಸನದ ವಿಷಯ ಇರಬೇಕು. ಚೋಳ ರಾಜ ಒಂದನೇ ಪರಾಂತಕನ ಕಾಲದ್ದು, ಒಂದು 919ರದ್ದು, ಇನ್ನೊಂದು 921ರದ್ದು. ಆದರೆ ಅಲ್ಲಿ ಯಾರೂ ಮತ ಹಾಕಲಿಲ್ಲ, ಅದು ಚೀಟಿ ಎತ್ತುವ ಪದ್ಧತಿ. ಊರಿಗೆ 30 ವಾರ್ಡು. ಪ್ರತಿ ವಾರ್ಡಿನಲ್ಲೂ ಅರ್ಹತೆ ಇದ್ದವರ ಹೆಸರನ್ನು ತಾಳೆಗರಿಯ ಓಲೆಯಲ್ಲಿ ಬರೆದು, ವಾರ್ಡಿಗೊಂದು ಕಟ್ಟು ಮಾಡಿ ಮಡಕೆಗೆ ಹಾಕುತ್ತಿದ್ದರು. ಎಳೆಯರು ಹಿರಿಯರು ಎಲ್ಲ ಸೇರಿದ ಸಭೆಯಲ್ಲಿ, ಅರ್ಚಕರಲ್ಲಿ ಹಿರಿಯರಾದವರು ಮಡಕೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯಬೇಕು. ಒಳಗೇನಿದೆ ಅಂತ ಗೊತ್ತಿಲ್ಲದ ಒಬ್ಬ ಚಿಕ್ಕ ಹುಡುಗ ಒಂದು ಕಟ್ಟು ತೆಗೆಯಬೇಕು, ಅದನ್ನು ಬೇರೆ ಮಡಕೆಗೆ ಹಾಕಿ ಕುಲುಕಿ ಮತ್ತೆ ಒಂದೇ ಓಲೆ ತೆಗೆಯಬೇಕು. ಓಲೆ ಇಸಿದುಕೊಳ್ಳುವವನು ಐದೂ ಬೆರಳು ಬಿಡಿಸಿ ಅಂಗೈ ಚಾಚಬೇಕು, ಮುಷ್ಟಿಯೊಳಗೆ ಬೇರೆ ಚೀಟಿ ಅಡಗಿಸೋಕಾಗಬಾರದಲ್ಲ! ಇಷ್ಟು ಎಚ್ಚರಿಕೆ ಬರೆದಿದ್ದಾರೆ ಅಂದರೆ ಮೊದಲು ಯಾರೋ ಕೈಚಳಕ ತೋರಿಸಿರಬೇಕು ಅಂತ ನನ್ನ ಊಹೆ. ಹೀಗೆ ವಾರ್ಡಿಗೊಬ್ಬರಂತೆ ಬಂದ 30 ಜನರಲ್ಲಿ 12 ಮಂದಿ ವಾರ್ಷಿಕ ಸಮಿತಿಗೆ, 12 ಮಂದಿ ತೋಟದ ಸಮಿತಿಗೆ, 6 ಮಂದಿ ಕೆರೆ ಸಮಿತಿಗೆ. ಅವಧಿ 360 ದಿನ.

ಬೆಟ್ಟದಹುಳಿ:
"ಎಲ್ಲರೂ" ಅನ್ನೋದೂ ಸುಳ್ಳು ಕಣ್ರೀ. ಅದು ಬ್ರಾಹ್ಮಣರಿಗೆ ದಾನ ಕೊಟ್ಟ ಊರು. ಚೀಟಿಯಲ್ಲಿ ಹೆಸರು ಬರಬೇಕಾದರೆ ಕಾಲು ವೇಲಿಗಿಂತ (ವೇಲಿ ಅಂದರೆ ಆಗಿನ ಜಮೀನಿನ ಅಳತೆ) ಜಾಸ್ತಿ ತೆರಿಗೆ ಕಟ್ಟುವ ಜಮೀನು, ಸ್ವಂತ ಜಾಗದಲ್ಲಿ ಮನೆ, 35ರಿಂದ 70ರೊಳಗಿನ ವಯಸ್ಸು, ಜೊತೆಗೆ ವೇದ ಗೊತ್ತಿರಬೇಕು. ಹೆಂಗಸರಿಲ್ಲ, ಗದ್ದೆಯಲ್ಲಿ ದುಡಿಯುವವರಿಲ್ಲ. ರೈತರ ಊರುಗಳಿಗೆ 'ಊರ್' ಅಂತ ಬೇರೆ ಸಭೆ, ವ್ಯಾಪಾರಿಗಳಿಗೆ 'ನಗರಂ'. ಅಲ್ಲೂ ಜಮೀನು, ದುಡ್ಡು ಇದ್ದವರ ಮಾತೇ ನಡೆಯುತ್ತಿದ್ದದ್ದು.

ಮುಳ್ಳೂರುದಾರಿ:
ಕೊಡಗಿನ ಪ್ರಶ್ನೆಗೆ ಯಾರೂ ಬರಲೇ ಇಲ್ಲ. ಚೋಳರು ಬಂದದ್ದು ನಿಜ. ಆದರೆ ನಮ್ಮ ಕಡೆ ಅವರು ನೆಚ್ಚಿದ್ದು ಸಭೆಯನ್ನಲ್ಲ, ಪಾಳೆಯಗಾರನಂಥ ಒಬ್ಬ ನಾಯಕನನ್ನು. ಚೋಳ ರಾಜರಾಜನ ಕಾಲದಲ್ಲಿ, ಸುಮಾರು 1004ರಲ್ಲಿ, ಪಣಸೋಗೆ ಯುದ್ಧದಲ್ಲಿ ಈ ಕಡೆಯ ಅರಸುಮನೆತನವಾದ ಚೆಂಗಾಳ್ವರು ಸೋತರು. ಅಲ್ಲಿ ಚೋಳರ ಪರ ಕಾದಿದ ಮನಿಜನಿಗೆ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಅಂತ ಬಿರುದು, ಮಾಲಂಬಿ ಸೀಮೆ ಎರಡೂ ಸಿಕ್ಕಿತು. ಆ ಕೊಂಗಾಳ್ವರೇ ಉತ್ತರ ಕೊಡಗನ್ನು ಆಳಿದ್ದು, ಶನಿವಾರಸಂತೆ ಹತ್ತಿರದ ಮುಳ್ಳೂರಿನ ಬಸದಿಗಳು ಅವರ ಕಾಲದ್ದೇ. ರಾಜೇಂದ್ರ ಚೋಳ ಕೊಂಗಾಳ್ವ ಅಂತ ಒಡೆಯನ ಹೆಸರನ್ನೇ ಇಟ್ಟುಕೊಂಡರು. ಹೆಸರು ಬಂತು, ಮಡಕೆ ಬರಲಿಲ್ಲ. ನಮ್ಮಲ್ಲಿ ಮಂದ್‌ನಲ್ಲಿ, ಅಂದರೆ ಊರಿನ ಬಯಲಲ್ಲಿ, ಸೇರಿ ಪಂಚಾಯ್ತಿ ಮಾಡುವ ಊರುತಕ್ಕ, ನಾಡುತಕ್ಕರ (ಊರಿನ, ನಾಡಿನ ಮುಖಂಡರ) ಪದ್ಧತಿ ಬೇರೆಯೇ. ತಕ್ಕತನ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ವಂಶದಿಂದ ಬರುತ್ತೆ, ಚೀಟಿಯಿಂದಲ್ಲ. ಎರಡನ್ನೂ ಸೇರಿಸಿ ಸುಮ್ನೆ ಹೆಮ್ಮೆ ಪಡೋದು ಬೇಡ.

ಕಾಫಿಹೂ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಆ ಶಾಸನದಲ್ಲಿ ನಮ್ಮ ಪಂಚಾಯ್ತಿಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ವಾ?

ಕಲ್ಲುಬರಹ:
ಇದೆ, ಮತ್ತು ಭಾಷಣದವರು ಅದನ್ನೇ ಬಿಡುತ್ತಾರೆ! ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಮಡಕೆಗೆ ಬೀಳುವ ಹಾಗಿಲ್ಲ. ಅವನೊಬ್ಬನೇ ಅಲ್ಲ, ಅಪ್ಪ, ಮಗ, ಅಣ್ಣತಮ್ಮ, ಮಾವ, ಭಾವ, ಅಳಿಯ, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು, ಯಾರ ಹೆಸರೂ ಇಲ್ಲ. ಹಿಂದಿನ ಮೂರು ವರ್ಷದಲ್ಲಿ ಸಮಿತಿಯಲ್ಲಿದ್ದವರಿಗೂ ಇಲ್ಲ. ಇನ್ನೊಂದು ವಿಷಯ, 919ರಲ್ಲಿ ವಯಸ್ಸಿನ ಮಿತಿ 30ರಿಂದ 60 ಇತ್ತು, ಎರಡೇ ವರ್ಷಕ್ಕೆ 35ರಿಂದ 70 ಮಾಡಿದರು. ನಿಯಮ ಬದಲಿಸುವಾಗ ರಾಜನ ಅಧಿಕಾರಿಯೂ ಸಭೆಯಲ್ಲಿ ಕೂತಿದ್ದ, ಆದ್ದರಿಂದ ಪೂರ್ತಿ ಸ್ವತಂತ್ರ ಹಳ್ಳಿ ಅಂತಲೂ ಅನ್ನೋಕಾಗಲ್ಲ.

ಬೆಟ್ಟದಹುಳಿ:
ಆ ಭಾವ ಅಳಿಯನ ನಿಯಮ ನಮ್ಮಲ್ಲಿ ತಂದರೆ ಊರಲ್ಲಿ ನಿಲ್ಲೋಕೆ ಯಾರು ಉಳೀತಾರೆ ಮಾರಾಯ್ರೆ, ಎಲ್ಲರೂ ನೆಂಟರೇ 😄

ಮುಳ್ಳೂರುದಾರಿ:
ನೋಡಬೇಕು ಅನ್ನೋರು ಉತ್ತರಮೇರೂರಿನ ವೈಕುಂಠ ಪೆರುಮಾಳ್ ಗುಡಿಗೆ ಹೋಗಿ, ಬರಹ ಗೋಡೆಯ ಮೇಲೇ ಇದೆ.