ಕಾಂಬೋಡಿಯಾ ನಿರಾಶ್ರಿತರ ಸಿಬಿಟಿ: ಒಗ್ಗಿಸುವುದು ಎಂದರೆ ಎಷ್ಟು?

ಸಮಾಲೋಚಕಿ: ಸಿಬಿಟಿ ಅಂದರೆ ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ. ಅದರ ಕೈಪಿಡಿ ಅನುವಾದಿಸಿ, ಪಕ್ಕದಲ್ಲಿ ದುಭಾಷಿಯನ್ನು ಕೂರಿಸಿದರೆ ಚಿಕಿತ್ಸೆ ಆ ಸಮುದಾಯಕ್ಕೆ ಒಗ್ಗುವುದಿಲ್ಲ. ಅಮೆರಿಕದ ಲೋವೆಲ್‌ನಲ್ಲಿ ಕಾಂಬೋಡಿಯಾದ ಕ್ರೂರ ಖ್ಮೇರ್ ರೂಜ್ ಆಳ್ವಿಕೆಯಿಂದ (1975–79) ಬದುಕುಳಿದು ಬಂದವರ ಜೊತೆ ಮನೋವೈದ್ಯ ಡೆವನ್ ಹಿಂಟನ್ ಅವರ ತಂಡ ಮಾಡಿದ ಕೆಲಸ ನೋಡಿ. ಎದ್ದು ನಿಂತಾಗ ತಲೆ ಸುತ್ತಿದರೆ, 'ಖ್ಯಾಲ್' ಎಂಬ ಗಾಳಿ ಮೇಲೇರಿ ಕುತ್ತಿಗೆಯ ನಾಳ ಒಡೆದೀತು ಅನ್ನುವ ಭಯ ಅವರದು. ಆ ಭಯಕ್ಕೆ ಪ್ಯಾನಿಕ್ (ಹಠಾತ್ತನೆ ಬರುವ ತೀವ್ರ ದಿಗಿಲು), ಪ್ಯಾನಿಕ್ ಜೊತೆಗೆ ಆಘಾತದ ಹಳೆಯ ನೆನಪು. ಚಿಕಿತ್ಸೆ ಈ ಕೊಂಡಿಗೇ ಕೈ ಹಾಕಿತು.

ಮನೋವೈದ್ಯ: 'ಗಾಳಿ'ಯನ್ನು ಒಪ್ಪಿಕೊಂಡರೆ ಭಯವನ್ನೇ ಗಟ್ಟಿ ಮಾಡಿದಂತಲ್ಲವೇ?

ಸಮಾಲೋಚಕಿ: ಒಪ್ಪುವುದೂ ಬೇಡ, ವಾದಕ್ಕಿಳಿಯುವುದೂ ಬೇಡ. ನಿಂತಾಗ ರಕ್ತದೊತ್ತಡ ಕ್ಷಣಕಾಲ ಇಳಿಯುತ್ತದೆ ಎಂದು ವಿವರಿಸಿ, ತಲೆಯನ್ನು ನಿಧಾನವಾಗಿ ಸುತ್ತಿಸಿ. ತಲೆಸುತ್ತು ಬಂತು, ನಾಳ ಒಡೆಯಲಿಲ್ಲ. ದೇಹವೇ ಉತ್ತರ ಕೊಟ್ಟಿತು. ಹಿಂಟನ್ ಅದಕ್ಕೆ ಗಾಳಿಯಲ್ಲಿ ತೂಗುವ ತಾವರೆಯ ಚಿತ್ರವನ್ನೂ ಜೋಡಿಸಿದರು. ಆಗ ಅದೇ ಅನುಭವಕ್ಕೆ ಹಿತವಾದ ನೆನಪೊಂದು ಅಂಟಿಕೊಳ್ಳುತ್ತದೆ. ಮೊದಲ ಭೇಟಿಯಲ್ಲೇ ಆಘಾತದ ಕಥೆಯನ್ನು ಪೂರ್ತಿ ಹೇಳಿಸಿದರೆ ಜನ ಮತ್ತೆ ಬರದೇ ಹೋಗಬಹುದು. ಇನ್ನೊಂದು ಮಾತು: ನಾಣ್ಯದಿಂದ ಚರ್ಮ ಉಜ್ಜಿಕೊಳ್ಳುವುದು ಅವರ ಮನೆಮದ್ದು. ಆ ಕೆಂಪು ಗೆರೆಗಳನ್ನು ಹೊಡೆತದ ಗುರುತೆಂದು ಬರೆದುಕೊಳ್ಳಬೇಡಿ.

ಅಂಕಿಅಂಶ ತಜ್ಞ: ಹಿಂಟನ್ ತಂಡದ 2005ರ ಪ್ರಯೋಗದಲ್ಲಿ 40 ಜನ, ವಾರಕ್ಕೊಂದರಂತೆ 12 ಭೇಟಿ. ಹೋಲಿಕೆಗೆ ಇದ್ದವರು ಅದೇ ಚಿಕಿತ್ಸೆಯನ್ನು ತಡವಾಗಿ ಪಡೆದವರು. ಫಲ ಚೆನ್ನಾಗಿತ್ತು, ಒಪ್ಪಿದೆ. ಆದರೆ ಒಗ್ಗಿಸದ ಸಿಬಿಟಿ ಪಡೆದ ಗುಂಪೇ ಇರಲಿಲ್ಲ. ಗುಣವಾದದ್ದು ತಾವರೆಯಿಂದಲೋ ಸಾಮಾನ್ಯ ಸಿಬಿಟಿಯಿಂದಲೋ, ಆ ಪ್ರಯೋಗದಿಂದ ಹೇಳಲಾಗದು.

ಮನೋವೈದ್ಯ: ಸರಿಯಾದ ಆಕ್ಷೇಪ. ಹಾಗಿದ್ದೂ ಬೈಲುಕುಪ್ಪೆ, ಮುಂಡಗೋಡದ ಟಿಬೆಟನ್ನರಲ್ಲೂ 'ಲುಂಗ್' ಎಂಬ ಗಾಳಿಯ ಕಲ್ಪನೆ ಇದೆ. ಇದೇ ವಿಧಾನ ಅಲ್ಲಿಗೂ ಆಗಬಹುದೇ?

ಸಮಾಲೋಚಕಿ: ದಯವಿಟ್ಟು ಹಾಗೆ ಎತ್ತಿಡಬೇಡಿ. ಎರಡೂ ಗಾಳಿಯೇ, ಭಯ ಒಂದೇ ಅಲ್ಲ. ಟಿಬೆಟನ್ನರು ಎದೆಯ ತಳಮಳ ಹೇಳುತ್ತಿದ್ದರೆ ಕುತ್ತಿಗೆ ಸುತ್ತಿಸಿ ಏನು ಪ್ರಯೋಜನ? ಮೊದಲು ಅವರನ್ನೇ ಕೇಳಿ: ದೇಹದಲ್ಲಿ ಏನಾಗುತ್ತದೆ, ಮುಂದೆ ಏನಾದೀತೆಂಬ ಹೆದರಿಕೆ, ಅದಕ್ಕೆ ಈಗ ಏನು ಮಾಡುತ್ತಾರೆ. ಅಮ್ಚಿಯ (ಟಿಬೆಟಿನ ಸಾಂಪ್ರದಾಯಿಕ ವೈದ್ಯರ) ಮದ್ದು ತೆಗೆದುಕೊಳ್ಳುತ್ತಿದ್ದರೆ ಅದೂ ತಿಳಿದಿರಲಿ. ಮನೆಯವರನ್ನು ದುಭಾಷಿ ಮಾಡಿದರೆ ಈ ಉತ್ತರಗಳು ಹೊರಬರುವುದೇ ಕಷ್ಟ.

ಅಂಕಿಅಂಶ ತಜ್ಞ: ಆ ಉತ್ತರಗಳು ಸುಧಾರಣೆ ಅಳೆಯುವ ಪ್ರಶ್ನೆಪಟ್ಟಿಗೂ ಸೇರಲಿ. ಆಘಾತದ ಸಿದ್ಧ ಪ್ರಶ್ನಾವಳಿ ನಿದ್ದೆ, ದುಃಸ್ವಪ್ನ ಕೇಳುತ್ತದೆ. ಕುತ್ತಿಗೆ ನೋವು ಕೇಳುವುದಿಲ್ಲ. ರೋಗಿ ಸುಧಾರಿಸಿದರೂ ಅಂಕ ಅಲ್ಲಾಡದೆ ನಿಲ್ಲಬಹುದು.